ತೆಂಗಿನ ಹಾಲಿಗೆ ಯಾವ ಜಾತಿ?

ಹೊನ್ನಾವರ, ಕುಮಟಾ ಕಡೆಯ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಹಿಂದಿನ ಸಂಜೆ ರೋಸ್ ಶಾಸ್ತ್ರ. ಮದುಮಗಳನ್ನು ಕೂರಿಸಿ, ಆಗಷ್ಟೇ ಹಿಂಡಿದ ತೆಂಗಿನ ಹಾಲನ್ನು ನೆಂಟರು ಒಬ್ಬೊಬ್ಬರಾಗಿ ಬಂದು ತಲೆಗೆ, ಕೈಕಾಲಿಗೆ ಹಚ್ಚುತ್ತಾರೆ. ನೋಡಲು ಬಂದ ಪಕ್ಕದ ಮನೆಯ ಹಿಂದೂ ಅಮ್ಮನಿಗೆ ಇದೇನೂ ಹೊಸದಲ್ಲ. ಅವರ ಮನೆಯ ಎಣ್ಣೆ-ಅರಿಶಿನದ ಶಾಸ್ತ್ರಕ್ಕೆ ಇದು ದಾಯಾದಿ.

ಈ ದಾಯಾದಿತನವೇ ಹಿಂದೊಮ್ಮೆ ಅಪರಾಧವಾಗಿತ್ತು. 1736ರಲ್ಲಿ ಪೋರ್ಚುಗೀಸರ ಆಳ್ವಿಕೆಯ ಗೋವೆಯಲ್ಲಿ ಇನ್‌ಕ್ವಿಜಿಷನ್ ಎಂಬ ಚರ್ಚಿನ ವಿಚಾರಣಾ ಪೀಠ ಹೊರಡಿಸಿದ ಆಜ್ಞೆ ಕ್ರೈಸ್ತರ ಮನೆಯೊಳಗೇ ನುಗ್ಗಿತು: ಮದುಮಕ್ಕಳಿಗೆ ಅರಿಶಿನ, ಹಾಲು, ತೆಂಗಿನೆಣ್ಣೆ ಹಚ್ಚಬಾರದು, ಗಂಡಸರು ಪಂಚೆ ಉಡಬಾರದು, ಹೆಂಗಸರು ಚೋಳಿ ತೊಡಬಾರದು, ತುಳಸಿ ಬೆಳೆಸಬಾರದು. ಹಿಂದೂಗಳಂತೆ ಉಪ್ಪಿಲ್ಲದೆ ಅನ್ನ ಬೇಯಿಸುವುದಕ್ಕೂ ನಿಷೇಧ! ಅನ್ನದ ಪಾತ್ರೆಗೆ ಇಣುಕುವಷ್ಟು ಪುರುಸೊತ್ತು ದೇವರಿಗಿರಲಿಲ್ಲ, ಅಧಿಕಾರಿಗಳಿಗಿತ್ತು.

ಆದರೆ ಆ ಹೊತ್ತಿಗಾಗಲೇ ಈ ಕೊಂಕಣಿ ಕ್ರೈಸ್ತರ ಪೂರ್ವಜರಲ್ಲಿ ಹಲವರು ಗೋವೆ ಬಿಟ್ಟಿದ್ದರು. 1560ರಲ್ಲಿ ಇನ್‌ಕ್ವಿಜಿಷನ್ ಶುರುವಾದ ಮೇಲೆ, ಯುದ್ಧ, ಬರಗಳ ನಡುವೆ, ಗುಂಪುಗುಂಪಾಗಿ ಕೆನರಾ ಕರಾವಳಿಗೆ ಇಳಿದವರು ಅವರು. ಇಲ್ಲಿ ಆಳುತ್ತಿದ್ದವರು ಕೆಳದಿಯ ಅರಸರು. 1678ರ ಒಪ್ಪಂದದಲ್ಲಿ ಮಿರ್ಜಾನ್, ಚಂದಾವರ, ಭಟ್ಕಳಗಳಲ್ಲಿ ಚರ್ಚು ಕಟ್ಟಲು ಪೋರ್ಚುಗೀಸರಿಗೆ ಒಪ್ಪಿಗೆ ಸಿಕ್ಕಿತು. ಚರ್ಚು ಬಂತು, ಅದರ ಹಿಂದೆ ಜೈಲು ಬರಲಿಲ್ಲ.

ನಂಬಿಕೆ ಎಲ್ಲಿ ಮುಗಿಯುತ್ತದೆ, ಮನೆತನದ ರೂಢಿ ಎಲ್ಲಿ ಶುರುವಾಗುತ್ತದೆ? ಕೊರಿಯಾದಲ್ಲಿ ಈ ಪ್ರಶ್ನೆಗೆ ಜೀವವೇ ಹೋಯಿತು. ಯುನ್ ಜಿ-ಚುಂಗ್ ಎಂಬ ಕ್ಯಾಥೊಲಿಕ್ ವಿದ್ವಾಂಸ ರೋಮ್ ಬೇಡವೆಂದಿದ್ದಕ್ಕೆ ಪಿತೃಗಳ ಹೆಸರಿನ ಫಲಕಗಳನ್ನು ಸುಟ್ಟ, ತಾಯಿಗೆ ಜೆಸಾ ಎಂಬ ಪಿತೃಕಾರ್ಯ ಮಾಡಲಿಲ್ಲ. 1791ರಲ್ಲಿ ಅರಸ ಅವನ ತಲೆ ತೆಗೆಸಿದ. ಅದೇ ರೋಮ್ 1939ರಲ್ಲಿ ಚೀನೀಯರ ಇಂಥ ಆಚರಣೆಗಳ ಮೇಲಿನ ಪಟ್ಟು ಸಡಿಲಿಸಿತು. ಇಂದು ಅಮೆರಿಕದಲ್ಲಿ ನೆಲೆಸಿರುವ ಎಷ್ಟೋ ಕೊರಿಯನ್ ಪ್ರಾಟೆಸ್ಟಂಟರು ಜೆಸಾದ ಬದಲು ಚುದೊ ಯೆಬೆ ನಡೆಸುತ್ತಾರೆ: ಸತ್ತವರಿಗೆ ಅಡ್ಡಬೀಳುವುದಿಲ್ಲ, ಅವರನ್ನು ನೆನೆದು ಪ್ರಾರ್ಥಿಸಿ, ಒಟ್ಟಿಗೆ ಉಣ್ಣುತ್ತಾರೆ.

ನಮ್ಮ ಕರಾವಳಿಯ ಕ್ರೈಸ್ತರು ಇಷ್ಟು ಲೆಕ್ಕ ಹಾಕಿದಂತಿಲ್ಲ. ಸೆಪ್ಟೆಂಬರ್ 8, ಮಾತೆ ಮರಿಯಳ ಹುಟ್ಟುಹಬ್ಬ, ಅವರಿಗೆ ತೆನೆಹಬ್ಬವೂ ಹೌದು. ಹಿಂದೂಗಳ ಮನೆಯಲ್ಲಿ ಹೊಸ್ತು ನಡೆದಂತೆಯೇ ಇಲ್ಲಿ ಪಾದ್ರಿ ಹೊಸ ತೆನೆಯನ್ನು ಆಶೀರ್ವದಿಸುತ್ತಾರೆ. ಮನೆಯ ಹಿರಿಯರು ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಸದಾ ಮೀನು ಬೇಯುವ ಒಲೆಯ ಮೇಲೆ ಅಂದು ಬರೀ ತರಕಾರಿ. ಗಲ್ಫಿನಲ್ಲಿರುವ ಮಕ್ಕಳ ಪಾಲಿನ ನಾಲ್ಕು ಕಾಳು ಒಣಗಿ, ಲಕೋಟೆ ಸೇರಿ, ಅಂಚೆಯಲ್ಲಿ ಹೋಗುತ್ತವೆ.