ಹುಲಿಗೆ ಕೊಟ್ಟ ಮಾತು



ಈ ವಾರ ನಮ್ಮೂರ ಪ್ರಾಥಮಿಕ ಶಾಲೆಯ ಮಕ್ಕಳು ಗೋವಿನ ಹಾಡನ್ನು ಕಲಿಯುತ್ತಿದ್ದಾರೆ. ಕರ್ತೃವಿನ ಹೆಸರನ್ನು ಹೊರದೆ ಬಾಯಿಂದ ಬಾಯಿಗೆ ಬಂದ ಈ ಕಥನಗೀತೆಯನ್ನು ನಿಮ್ಮಲ್ಲಿ ಅನೇಕರು ಅದೇ ವಯಸ್ಸಿನಲ್ಲಿ ಹಾಡಿ ಕಣ್ಣೊರೆಸಿಕೊಂಡವರೇ ಆಗಿದ್ದೀರಿ. ಪಾಠದ ನಡುವೆ ಬಾಲಕಿಯೊಬ್ಬಳು ಎದ್ದು ನಿಂತು, "ಹುಲಿ ಕೆಟ್ಟದ್ದಲ್ಲವೆ ಸಾರ್? ಪುಣ್ಯಕೋಟಿ ಕೊಟ್ಟಿಗೆಯಲ್ಲಿಯೇ ಉಳಿದಿದ್ದರೆ ತಪ್ಪೇನಿತ್ತು?" ಎಂದು ಕೇಳಿದಳಂತೆ. ಗುರುಗಳು, "ಸತ್ಯವೇ ದೊಡ್ಡದಮ್ಮಾ" ಎಂದು ಮುಂದಿನ ಪದ್ಯಕ್ಕೆ ಹೋದರಂತೆ. ಉತ್ತರ ಸರಿಯೇ, ಆದರೆ ಮಗುವಿನ ಪ್ರಶ್ನೆ ಅಷ್ಟಕ್ಕೆ ತೀರುವಂಥದಲ್ಲ.

ಏಕೆಂದರೆ ಆ ಪ್ರಶ್ನೆಯ ಪಕ್ಷದಲ್ಲಿ ಬಲವಾದ ಸಾಕ್ಷಿಗಳಿವೆ. ಬಲಾತ್ಕಾರದಿಂದ ಪಡೆದ ಒಪ್ಪಂದವನ್ನು ಒತ್ತಾಯಕ್ಕೊಳಗಾದವನು ರದ್ದುಗೊಳಿಸಬಹುದೆಂದು 1872ರ ಭಾರತೀಯ ಕರಾರು ಅಧಿನಿಯಮವೇ ಹೇಳುತ್ತದೆ. ಮಹಾಭಾರತದ ಕರ್ಣಪರ್ವದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕಥೆಯನ್ನು ಹೇಳುತ್ತಾನೆ. ಅಡಗಿಕೊಂಡಿದ್ದವರ ಜಾಡನ್ನು ದಸ್ಯುಗಳಿಗೆ ನಿಜವಾಗಿ ನುಡಿದು, ಅವರ ಕೊಲೆಗೆ ಕಾರಣನಾದ ಕೌಶಿಕನು ನರಕಕ್ಕೆ ಹೋದನು. ಹಾಗಾದರೆ ಕೌಶಿಕನ ಸತ್ಯವು ಪಾಪವಾಗಿ, ಪುಣ್ಯಕೋಟಿಯ ಸತ್ಯವು ಪುಣ್ಯವಾದುದು ಹೇಗೆ?

ಇಲ್ಲಿ ತುಸು ನಿಂತು ವಿಚಾರಿಸಬೇಕು. ಕೌಶಿಕನು ತನ್ನ ಸತ್ಯದ ಬೆಲೆಯನ್ನು ಪರರ ಪ್ರಾಣದಿಂದ ತೆತ್ತನು. ಪುಣ್ಯಕೋಟಿ ತನ್ನ ಪ್ರಾಣವನ್ನೇ ಒಡ್ಡಿದಳು. "ಕರುವಿನ ಗತಿಯೇನು?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಅವಳು ಅವಧಿ ಬೇಡಿದುದೇ ಕರುವಿಗಾಗಿ. ಬಂದು ಹಾಲುಣಿಸಿ, ಬುದ್ಧಿ ಹೇಳಿ, ಜೊತೆಯ ಹಸುಗಳಿಗೆ ಅದನ್ನು ಒಪ್ಪಿಸಿಯೇ ಹಿಂದಿರುಗಿದಳು. ಸತ್ಯದ ಹೆಸರಿನಲ್ಲಿ ವಾತ್ಸಲ್ಯದ ಕರ್ತವ್ಯವನ್ನು ಅವಳು ಮರೆಯಲಿಲ್ಲ.

ಇನ್ನು ಬಲಾತ್ಕಾರದ ಮಾತು. ಹುಲಿಯ ಪಂಜಾ ಎದುರಿಗಿದ್ದಾಗ ಅವಳು ಪರಾಧೀನೆ, ನಿಜ. ಆದರೆ ಹುಲಿ ಅವಳನ್ನು ಕಳುಹಿಸಿಕೊಟ್ಟ ಕ್ಷಣದಿಂದ ಅವಳು ಸ್ವತಂತ್ರಳು. ಕೊಟ್ಟಿಗೆಯಲ್ಲಿ ಅವಳನ್ನು ಹಿಡಿದೆಳೆಯುವವರು ಯಾರೂ ಇರಲಿಲ್ಲ. ಹಸಿದ ಕ್ರೂರಮೃಗವೊಂದು ಕೈಗೆ ಸಿಕ್ಕ ಆಹಾರವನ್ನು ಬರಿಯ ಮಾತಿನ ಮೇಲೆ ಬಿಟ್ಟುಕೊಟ್ಟಿತ್ತು. ಆ ನಂಬಿಕೆಯ ಫಲವನ್ನು ಕರುವು ಹಾಲಾಗಿ ಉಂಡಿತ್ತು. ಆ ಋಣವೇ ಅವಳನ್ನು ಮರಳಿ ಕರೆದೊಯ್ದಿತು, ಭಯವಲ್ಲ. ನಮ್ಮನ್ನು ನಂಬಿದವನು ಯೋಗ್ಯನೋ ಅಯೋಗ್ಯನೋ ಎಂಬುದು ಅವನ ಗುಣದ ಮಾತು. ಆ ನಂಬಿಕೆಯನ್ನು ಉಳಿಸುವುದು ನಮ್ಮ ಗುಣದ ಮಾತು. ಕಡೆಗೆ ಹುಲಿಯು ಪ್ರಾಣಬಿಟ್ಟಿತು. ಅದನ್ನು ಕೊಂದುದು ಕೊಂಬಲ್ಲ. ತನ್ನನ್ನು ನಂಬಿಸಿದ ಮಾತು ನಿಜವಾದುದನ್ನು ಕಂಡ ನಾಚಿಕೆ.

ನುಡಿಯಂತೆ ನಡೆಯದವನಿಗೆ ಲಿಂಗಪೂಜೆ ಫಲಿಸದೆಂಬುದು ಬಸವಾದಿ ಶರಣರ ನಿಲುವು. ಪ್ರಸಾದನಿಲಯದಲ್ಲಿ ಸಾಲುಗೂಡಿ ಕುಳಿತು ವಚನ ಹಾಡಿ ಬೆಳೆದ ನೀವು ಇದನ್ನು ಬಲ್ಲಿರಿ. ಆದರೂ ನಮ್ಮ ಮನೆಗಳಲ್ಲಿ ನಡೆಯುವುದೇನು? ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ, ಗೋವಿನ ಹಾಡನ್ನು ಕಲಿತು ಬಂದ ಅದೇ ಮಗುವಿನ ಕೈಯಲ್ಲಿ "ಅಪ್ಪ ಮನೆಯಲ್ಲಿಲ್ಲ" ಎಂದು ಹೇಳಿಸುತ್ತೇವೆ. ಆ ಸಾಲಿಗನು ಹುಲಿಯೂ ಅಲ್ಲ. ಕಷ್ಟಕಾಲದಲ್ಲಿ ನಮ್ಮ ಮಾತನ್ನು ನಂಬಿದವನು. ವಾರವೆಲ್ಲ ಶಾಲೆ ಕಲಿಸಿದ ಪಾಠವನ್ನು ನಾವು ಹೊಸ್ತಿಲಲ್ಲಿ ಒಂದು ನಿಮಿಷದಲ್ಲಿ ಅಳಿಸಿಬಿಡುತ್ತೇವೆ. ಮಗು ಅದನ್ನು ಮರೆಯುವುದಿಲ್ಲ.

ಆದಕಾರಣ ಈ ಸಂಜೆ ನಿಮ್ಮ ಮಗುವಿನಿಂದ ಆ ಹಾಡನ್ನು ಒಮ್ಮೆ ಹಾಡಿಸಿ ಕೇಳಿರಿ. ಅದು ಬಾಲಕಿಯ ಪ್ರಶ್ನೆಯನ್ನೇ ಕೇಳಿದರೆ ಗದರಿಸಬೇಡಿ, ಕುಳ್ಳಿರಿಸಿಕೊಂಡು ಉತ್ತರಿಸಿರಿ. ಮರುದಿನ ಸಾಲಿಗನು ಬಂದರೆ ನೀವೇ ಎದ್ದು ಹೋಗಿ ಬಾಗಿಲು ತೆರೆಯಿರಿ. ಕೊಡಲು ಹಣವಿಲ್ಲದಿದ್ದರೆ ಇಲ್ಲವೆಂದೇ ಹೇಳಿರಿ. ಮಗು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳಲಿ.