ಕಟ್ಟಿದವನ ಹಕ್ಕು

ಪ್ರತಿಫಲವನ್ನು ಬಯಸದೆ ಸೇವೆಗೆ ನಿಂತವರನ್ನು ಆಳುವವರು ಯಾರು? ಒಂದು ಕಾರ್ಯವನ್ನು ಮೊದಲು ಆರಂಭಿಸಿದವನಿಗೆ ಅದರ ಮೇಲೆ ಕಡೆಯವರೆಗೂ ಅಧಿಕಾರವುಂಟೆ? ಸಂಸ್ಥೆಗಳನ್ನು ನಡೆಸುವವರೆಲ್ಲರಿಗೂ ಎದುರಾಗುವ ಈ ಪ್ರಶ್ನೆಯ ಮೇಲೆ ಗಣಕಯಂತ್ರದ ಕ್ಷೇತ್ರದ ಒಂದು ಪ್ರಸಂಗ ಬೆಳಕು ಚೆಲ್ಲುತ್ತದೆ.

ನೆದರ್ಲೆಂಡ್ಸಿನ ಗೀಡೊ ವಾನ್ ರೋಸಮ್ ಅವರು 1991ರಲ್ಲಿ 'ಪೈಥಾನ್' ಎಂಬ ಗಣಕಭಾಷೆಯನ್ನು ಲೋಕಕ್ಕೆ ನೀಡಿದರು. ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಹಲವು ದೇಶಗಳ ಸ್ವಯಂಸೇವಕರು ಅದನ್ನು ಬೆಳೆಸಿದರು. ಭಿನ್ನಾಭಿಪ್ರಾಯ ಬಂದಾಗ ಕೊನೆಯ ಮಾತು ಗೀಡೊ ಅವರದು. 'ಆಜೀವ ಹಿತೈಷಿ ಸರ್ವಾಧಿಕಾರಿ' ಎಂಬ ವಿನೋದದ ಬಿರುದೂ ಅವರಿಗಿತ್ತು. ಆದರೆ ಆ ಸರ್ವಾಧಿಕಾರಕ್ಕೆ ದಂಡದ ಬಲವಿರಲಿಲ್ಲ. ಒಪ್ಪದವನು ಇಡೀ ಕೃತಿಯ ಪ್ರತಿಯೊಂದನ್ನು ಪಡೆದು ಬೇರೆಯಾಗಿ ಮುಂದುವರಿಸಲು ಸ್ವತಂತ್ರನಾಗಿದ್ದನು. ಸಹಕಾರಿಗಳ ವಿಶ್ವಾಸವೊಂದೇ ಆ ಅಧಿಕಾರದ ಆಧಾರ.

2018ರಲ್ಲಿ ಭಾಷೆಗೆ ಹೊಸದೊಂದು ಚಿಹ್ನೆಯನ್ನು ಸೇರಿಸುವ ವಿಷಯದಲ್ಲಿ ತೀವ್ರ ವಾಗ್ವಾದ ನಡೆಯಿತು. ಗೀಡೊ ಅವರ ನಿರ್ಣಯವೇ ನಿಂತಿತು. ಆದರೆ ಕಟುವಾದ ಮಾತುಗಳಿಂದ ಅವರು ಬಳಲಿದ್ದರು. ಅದೇ ಜುಲೈಯಲ್ಲಿ ಅಧಿಕಾರವನ್ನು ತ್ಯಜಿಸಿದರು. ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ; ಮುಂದಿನ ವ್ಯವಸ್ಥೆಯನ್ನು ಸಹಕಾರಿಗಳಿಗೇ ಬಿಟ್ಟರು. ಅವರು ಹಲವು ಮಾದರಿಗಳನ್ನು ಚರ್ಚಿಸಿ, ಡಿಸೆಂಬರಿನಲ್ಲಿ ಮತ ಚಲಾಯಿಸಿ, ಚುನಾಯಿತರಾದ ಐವರ ಸಮಿತಿಯನ್ನು ಆರಿಸಿಕೊಂಡರು.

ಆ ಸಮಿತಿಯ ನಿಯಮಗಳು ಮನನೀಯ. ಒಂದೇ ಕಂಪನಿಯ ನೌಕರರು ಇಬ್ಬರಿಗಿಂತ ಹೆಚ್ಚು ಇರಕೂಡದು. ಸಮಿತಿಗೆ ವಿಶಾಲ ಅಧಿಕಾರವಿದೆ. ಆದರೆ ಅದನ್ನು ಆದಷ್ಟು ಕಡಿಮೆ ಬಳಸಬೇಕು, ಸಹಮತವನ್ನು ಅರಸಬೇಕು ಎಂದು ನಿಯಮವೇ ಹೇಳುತ್ತದೆ. 2019ರ ಮೊದಲ ಸಮಿತಿಗೆ ಗೀಡೊ ಅವರೂ ಆಯ್ಕೆಯಾದರು. ಆದರೆ ಐವರಲ್ಲಿ ಒಬ್ಬರಾಗಿ ಮಾತ್ರ.

ಕಟ್ಟಿದವನಷ್ಟು ಬಲ್ಲವರು ಯಾರು, ಸಮಿತಿಗಳು ಕಾರ್ಯವನ್ನು ನಿಧಾನಗೊಳಿಸುವುದಿಲ್ಲವೆ ಎಂದು ಆಕ್ಷೇಪಿಸಬಹುದು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಒಬ್ಬನ ಹೆಗಲ ಮೇಲೆಯೇ ನಿಂತ ಕಾರ್ಯ ಅವನ ಬಳಲಿಕೆಯೊಡನೆ ತಾನೂ ಬಳಲುತ್ತದೆ. ಕೊಟ್ಟದ್ದರ ಮೇಲೆ ಒಡೆತನವನ್ನು ಉಳಿಸಿಕೊಂಡರೆ ಕೊಟ್ಟದ್ದು ಪೂರ್ಣವಾಗುವುದಿಲ್ಲ.

ಇಲ್ಲಿ ಉಳಿದವರಿಗೂ ಒಂದು ಪಾಠವುಂಟು. ಸ್ವಯಂಸೇವಕನಿಗೆ ಸಿಗುವುದು ಪ್ರಾಯಶಃ ಗೌರವದ ಒಂದು ಮಾತು ಮಾತ್ರ. ಅದೂ ಕಹಿಯಾದರೆ ಅವನನ್ನು ಹಿಡಿದಿಡುವ ಬೇರೊಂದು ಬಂಧನವಿಲ್ಲ. ಅಧಿಕಾರದಲ್ಲಿರುವವನು ಕೈಯನ್ನು ಹಿಡಿತದಲ್ಲಿಟ್ಟುಕೊಳ್ಳುವುದು ಎಷ್ಟು ಅವಶ್ಯವೋ, ಅವನೊಡನೆ ಇರುವವರು ನಾಲಗೆಯನ್ನು ಹಿಡಿತದಲ್ಲಿಟ್ಟುಕೊಳ್ಳುವುದೂ ಅಷ್ಟೇ ಅವಶ್ಯ.