ಬಣ್ಣದ ಕೆಳಗಿನ ಹಲಗೆ



ದೇವನಹಳ್ಳಿಯಲ್ಲಿ ಕೂತು ಮೀನಿನ ದೋಣಿ ವಿಷಯ ಯಾಕೆ ಅಂತ ನಿಮಗೆ ಅನ್ನಿಸಬಹುದು. ನಮಗೆ ನೀರು ಅಂದ್ರೆ ಬೋರ್‌ವೆಲ್, ಇಲ್ಲಾಂದ್ರೆ ಟ್ಯಾಂಕರ್. ಆದ್ರೆ ನಮ್ಮ ಸಭೆಯಲ್ಲಿ ಏರ್‌ಪೋರ್ಟ್‌ನಲ್ಲಿ ಕೆಲಸ ಮಾಡೋ ಒಬ್ಬ ತಮ್ಮ ಇದ್ದಾನೆ, ಊರು ಮಲ್ಪೆ. ಅವನನ್ನ ಕೇಳಿಯೇ ಇದನ್ನ ಹೇಳ್ತಿದ್ದೇನೆ.

ಅವನ ತಂದೆಯದು ಒಂದು ಹಳೇ ಮರದ ಬೋಟ್. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟ್‌ಗಳು ಕಡಲಿಗೆ ಹೋಗುವಂತಿಲ್ಲ. ರಿಪೇರಿಗೆ ಸಿಗೋದು ಅದೇ ಸಮಯ. ತಂದೆಗೆ ವಯಸ್ಸಾಯ್ತು, ಸರಿಮಾಡಿಸಿ ಮಾರಿಬಿಡೋಣ ಅಂತ ಮನೆಯಲ್ಲಿ ಮಾತಾಯ್ತು. ಕೈಯಲ್ಲಿದ್ದದ್ದು ನಾಲ್ಕು ಲಕ್ಷ, ಅದರಲ್ಲಿ ಅರ್ಧ ಇವನು ತೆಗೆದ ಸಾಲ. ಎಂಜಿನ್ ಕಪ್ಪು ಹೊಗೆ ಉಗುಳ್ತಿತ್ತು. ಅದನ್ನ ಎತ್ತಿ ಇನ್ನೂ ಹೆಚ್ಚು ಹಾರ್ಸ್‌ಪವರ್‌ನ ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸಿದ್ರೆ ರೇಟು ಏರುತ್ತೆ ಅನ್ನೋದು ಲೆಕ್ಕ. ಆಗ ಬಡಗಿ ಬಂದು ಸ್ಕ್ರೂಡ್ರೈವರ್‌ನಿಂದ ಹಲಗೆಗಳನ್ನ ಚುಚ್ಚಿ ನೋಡಿದ. ಎಂಜಿನ್ ಕೂರೋ ತೊಲೆಗಳ ಪಕ್ಕದಲ್ಲಿ ಮರ ಮೆತ್ತಗಾಗಿತ್ತು. ಏಳು ಹಲಗೆ ಬದಲಿಸ್ಬೇಕು ಅಂದ. ಹಲಗೆಗೂ ಹೊಸ ಎಂಜಿನ್‌ಗೂ ಸೇರಿ ದುಡ್ಡು ಸಾಲಲ್ಲ. ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೀರಿ, ಯಾರಿಗೂ ಕಾಣಲ್ಲ ಅಂತ ಯಾರೋ ಉಪಾಯ ಹೇಳಿಕೊಟ್ರು.

"ಪಾಸ್ಟರ್, ಬೋಟ್ ಒಳ್ಳೇ ರೇಟಿಗೆ ಹೋಗ್ಲಿ ಅಂತ ಪ್ರಾರ್ಥನೆ ಮಾಡಿ" ಅಂತ ಫೋನ್ ಮಾಡಿದ. ಮಾಡಿದೆ. ಜೋರಾಗೇ ಮಾಡಿದೆ. ಬೋಟ್ ಹೇಗಿದೆ ಅಂತ ಒಂದು ಪ್ರಶ್ನೆ ಕೇಳಲಿಲ್ಲ. ಎರಡು ದಿನ ಬಿಟ್ಟು ಪುಟ್ಟಿ ವಿಷಯ ಅವನೇ ಹೇಳಿದಾಗಲೂ, "ಕೊಳ್ಳೋನು ನೋಡ್ಕೊಂಡೇ ಕೊಳ್ತಾನಲ್ಲಪ್ಪ" ಅಂದುಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಮಾತಿನಲ್ಲಿ ಸ್ವಲ್ಪ ನ್ಯಾಯ ಇಲ್ಲದೆ ಇರಲಿಲ್ಲ. ಬೋಟ್ ಕೊಳ್ಳೋರು ಮಕ್ಕಳಲ್ಲ. ಅವರೂ ಚುಚ್ಚಿ ನೋಡ್ತಾರೆ, ಚೌಕಾಸಿ ಮಾಡ್ತಾರೆ. ಹೊಸಕೋಟೆಯಲ್ಲಿ ಹಳೇ ಬೈಕ್ ಮಾರೋವಾಗ ನಾವು ಎಲ್ಲಾ ಹೇಳ್ತೀವಾ? ಆದ್ರೆ ಈ ವ್ಯಾಪಾರದಲ್ಲಿ ಮಾರೋನು, ಕೊಳ್ಳೋನು ಇಬ್ಬರೇ ಇಲ್ಲ. ಒಡಿಶಾದಿಂದಲೋ ಜಾರ್ಖಂಡ್‌ನಿಂದಲೋ ಕೂಲಿಗೆ ಬಂದ ಐದಾರು ಹುಡುಗರು ಆ ಬೋಟ್‌ನಲ್ಲೇ ಉಣ್ತಾರೆ, ಅಲ್ಲೇ ಮಲಗ್ತಾರೆ. ರೇಟು ಕಮ್ಮಿ ಆದ್ರೆ ಲಾಭ ಕೊಂಡವನಿಗೆ, ಹಲಗೆ ಬಿಟ್ಟುಕೊಂಡ್ರೆ ನೀರು ಬರೋದು ಅವರ ಕಾಲ ಕೆಳಗೆ. ಅವರನ್ನ ಯಾರೂ ಕೇಳಿಲ್ಲ. "ನೋಡ್ಕೊಂಡು ಕೊಳ್ಳಲಿ" ಅನ್ನೋ ಮಾತು ಅವರ ತನಕ ಮುಟ್ಟೋದೇ ಇಲ್ಲ.

ಬೆಳಿಗ್ಗೆ ಎದ್ದು ಅವನಿಗೆ ಇದನ್ನೇ ಹೇಳಿ, ನಾನು ಹೇಳಿದ್ದು ತಪ್ಪು ಅಂದೆ. ಅವನು ಸಿಟ್ಟಾದ. "ಪಾಸ್ಟರ್, ಇಎಂಐ ನೀವು ಕಟ್ತೀರಾ?" ಸರಿಯಾದ ಪ್ರಶ್ನೆ. ನನ್ನ ಹತ್ರ ಉತ್ತರ ಇರಲಿಲ್ಲ.

ದಾರಿ ತೋರಿಸಿದ್ದು ಮಲ್ಪೆಯ ಒಬ್ಬ ಮುದುಕ ಮೆಕ್ಯಾನಿಕ್. ಇಂಥ ಬೋಟ್ ನೀರನ್ನ ತಳ್ಳಿಕೊಂಡು ಹೋಗುತ್ತೆ, ಸ್ಪೀಡ್‌ಬೋಟ್ ಥರ ನೀರಿನ ಮೇಲೆ ಏಳೋದಿಲ್ಲ. ನೀರಲ್ಲಿ ಕೂರೋ ಉದ್ದ 36 ಅಡಿ ಇದ್ರೆ ವೇಗ ಗಂಟೆಗೆ ಸುಮಾರು 8 ನಾವಿಕ ಮೈಲಿ, ಅಂದ್ರೆ 15 ಕಿಲೋಮೀಟರ್ ಹತ್ತಿರಕ್ಕೆ ನಿಂತುಬಿಡುತ್ತೆ. ಅದರ ಮೇಲೆ ಎಷ್ಟು ಹಾರ್ಸ್‌ಪವರ್ ಹಾಕಿದ್ರೂ ಹೆಚ್ಚಿನ ಪಾಲು ಅಲೆ ಎಬ್ಬಿಸೋಕೆ, ಡೀಸೆಲ್ ಸುಡೋಕೆ, ತೊಲೆ ಅಲ್ಲಾಡಿಸೋಕೆ ಹೋಗುತ್ತೆ. ಹಳೇ ಎಂಜಿನ್ನನ್ನೇ ಬಿಚ್ಚಿ ರಿಂಗ್, ಲೈನರ್, ಇಂಜೆಕ್ಟರ್ ಬದಲಿಸಿ, ಉಳಿದ ದುಡ್ಡು ಮರಕ್ಕೆ ಹಾಕಿ ಅಂದ. ಬೈಬಲ್ ಕಾಲೇಜಿನಲ್ಲಿ ನಮಗೆ ಇದನ್ನ ಯಾರೂ ಹೇಳಿಕೊಡಲ್ಲ ಬಿಡಿ.

ಆಮೇಲೆ ಲೂಕ 5ನೇ ಅಧ್ಯಾಯ ಮತ್ತೆ ಓದಿದೆ. ಬಲೆ ತುಂಬಾ ಮೀನು ಬಿತ್ತು ಅಂತ ನಾವು ಎಷ್ಟು ಸಲ ಪ್ರಸಂಗ ಮಾಡಿದ್ದೀವಿ! ಆ ಮೀನಿನ ಭಾರಕ್ಕೆ ಎರಡೂ ದೋಣಿ ಮುಳುಗೋ ಹಾಗಾಯ್ತು ಅಂತಲೂ ಅಲ್ಲೇ ಬರೆದಿದೆ. ಹಲಗೆ ಗಟ್ಟಿ ಇದೆಯೋ ಇಲ್ಲವೋ ಗೊತ್ತಾಗೋದು ಆಶೀರ್ವಾದದ ದಿನ.

ಅದೇ ಗಲಿಲಾಯದಲ್ಲಿ 1986ರಲ್ಲಿ ಬರ ಬಂದು ನೀರು ಇಳಿದಾಗ, ಕೆಸರಲ್ಲಿ ಒಂದು ಹಳೇ ದೋಣಿ ಸಿಕ್ತು. ಸುಮಾರು ಎರಡು ಸಾವಿರ ವರ್ಷದ್ದು, ಎಂಟು ಮೀಟರ್ ಉದ್ದ. ಯೇಸುವಿನ ಕಾಲದ್ದು ಅನ್ನಬಹುದು, ಆತ ಹತ್ತಿದ್ದೇ ಇದು ಅಂತ ಮಾತ್ರ ಯಾರೂ ಹೇಳೋಕಾಗಲ್ಲ. ಅದರಲ್ಲಿ ಹತ್ತು ಹನ್ನೆರಡು ಜಾತಿಯ ಮರ ಇತ್ತಂತೆ. ಯಾವುದೋ ಬಡ ಮೀನುಗಾರರು ಸಿಕ್ಕ ಸಿಕ್ಕ ತುಂಡು ಜೋಡಿಸಿ, ಮತ್ತೆ ಮತ್ತೆ ರಿಪೇರಿ ಮಾಡಿ ಓಡಿಸಿದ್ದಾರೆ. ಇನ್ನು ಆಗಲ್ಲ ಅಂದಾಗ ಉಪಯೋಗಕ್ಕೆ ಬರೋ ಭಾಗ ಬಿಚ್ಚಿಕೊಂಡು ಉಳಿದದ್ದನ್ನ ಬಿಟ್ಟಿದ್ದಾರೆ. ಬಡತನ ಅದರ ಮೈಮೇಲೆಲ್ಲಾ ಕಾಣುತ್ತೆ. ಯಾರೂ ಮುಚ್ಚಿಟ್ಟಿಲ್ಲ.

ನಮ್ಮ ತಮ್ಮನ ಮನೆಯವರು ಏಳು ಹಲಗೆ ಬದಲಿಸಿದ್ರು, ಸಂದಿಗೆ ಹತ್ತಿ ತುಂಬಿಸಿದ್ರು, ಹಳೇ ಎಂಜಿನ್ ಇಳಿಸಿ ಕೂರಿಸಿದ್ರು. ಕೊಳ್ಳೋಕೆ ಬಂದವರಿಗೆ ಯಾವುದು ಹೊಸದು, ಯಾವುದು ಹಳೇದು ಅಂತ ತಂದೆಯೇ ಮುಟ್ಟಿ ತೋರಿಸಿದ್ರಂತೆ. ಅಂದುಕೊಂಡದ್ದಕ್ಕಿಂತ ಎಂಬತ್ತು ಸಾವಿರ ಕಮ್ಮಿಗೆ ಹೋಯ್ತು. ಸಾಲ ಇನ್ನೂ ಹದಿನಾಲ್ಕು ಕಂತು ಬಾಕಿ ಇದೆ. ಮೊದಲೆರಡು ಕಂತು ನಾನು ಹಾಕ್ತೀನಿ ಅಂದಿದ್ದೇನೆ, ಒಂದು ಹಾಕಿದ್ದೇನೆ.